ಸ್ವಾತಂತ್ರ್ಯ ಬಂದ ಮೇಲೆ ಅದನ್ನು ಕಾಯುವವರು ಯಾರು?

ಇತಿಹಾಸದ ಓದುಗ (ಚರ್ಚೆಯ ಆರಂಭ)

ಒಂದು ದೇಶ ಸ್ವಾತಂತ್ರ್ಯವನ್ನು ಹೇಗೆ ಗಳಿಸಿತು ಎಂಬುದನ್ನು ನಾವೆಲ್ಲ ಶಾಲೆಯ ದಿನಗಳಿಂದ ಓದುತ್ತ ಬಂದಿದ್ದೇವೆ. ಗಳಿಸಿದ್ದನ್ನು ಅದು ಹೇಗೆ ಉಳಿಸಿಕೊಂಡಿತು, ಅಥವಾ ಹೇಗೆ ಕಳೆದುಕೊಂಡಿತು ಎಂಬ ಕಥೆಯನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಕಡಿಮೆ. ಕೆಲವು ವಾರಗಳಿಂದ ನಾನು ಘಾನಾ ದೇಶದ ಇತಿಹಾಸವನ್ನು ಓದುತ್ತಿದ್ದೇನೆ. ಅದರಲ್ಲಿನ ಒಂದು ಪ್ರಸಂಗ ನನ್ನನ್ನು ಬಿಡದೆ ಕಾಡುತ್ತಿರುವುದರಿಂದ ಅದನ್ನು ತಮ್ಮೆಲ್ಲರ ಮುಂದಿಡುತ್ತಿದ್ದೇನೆ.

1948ರ ಫೆಬ್ರವರಿ 28ರಂದು ಅಕ್ರಾ ನಗರದಲ್ಲಿ ಮಾಜಿ ಸೈನಿಕರು ಮೆರವಣಿಗೆ ಹೊರಟರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿ ಮರಳಿದ್ದ ಅವರು, ತಮಗೆ ಸಲ್ಲಬೇಕಾದುದನ್ನು ಕೇಳಲು ಗವರ್ನರರ ಬಳಿಗೆ ಮನವಿ ಹಿಡಿದು ಹೊರಟವರು. ಪೊಲೀಸರ ಗುಂಡಿಗೆ ಅವರಲ್ಲಿ ಮೂವರು ಬಲಿಯಾದರು, ಊರಿಗೆ ಊರೇ ಹೊತ್ತಿ ಉರಿಯಿತು. ಇದರ ನಂತರ ವಸಾಹತು ಸರ್ಕಾರವು ಸ್ವಾತಂತ್ರ್ಯ ಚಳವಳಿಯ ಆರು ಮಂದಿ ನಾಯಕರನ್ನು ವಿಚಾರಣೆಯೇ ಇಲ್ಲದೆ ಬಂಧನದಲ್ಲಿಟ್ಟಿತು. ಆ ಆರು ಮಂದಿಯಲ್ಲಿ ಕ್ವಾಮೆ ಎನ್‌ಕ್ರುಮಾ ಇದ್ದರು. ಅವರನ್ನು ವಿದೇಶದಿಂದ ಕರೆಸಿಕೊಂಡು ಪಕ್ಷದ ಕಾರ್ಯದರ್ಶಿಯ ಹೊಣೆ ವಹಿಸಿದ್ದ ಪಕ್ಷದ ಹಿರಿಯರಲ್ಲೊಬ್ಬರಾದ, ವಕೀಲ ಜೆ. ಬಿ. ಡಂಕ್ವಾ ಅವರೂ ಇದ್ದರು.

1957ರ ಮಾರ್ಚ್ 6ರಂದು ದೇಶ ಸ್ವತಂತ್ರವಾಯಿತು, ಎನ್‌ಕ್ರುಮಾ ಅದರ ನಾಯಕರಾದರು. ಮರುವರ್ಷವೇ, ಅಂದರೆ 1958ರಲ್ಲಿ, ಯಾರನ್ನೇ ಆದರೂ ವಿಚಾರಣೆಯಿಲ್ಲದೆ ಐದು ವರ್ಷಗಳವರೆಗೆ ಬಂಧನದಲ್ಲಿಡಲು ಅವಕಾಶ ಕೊಡುವ ಮುಂಜಾಗ್ರತಾ ಬಂಧನ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಆ ಕಾಯ್ದೆಯಡಿ ಬಂಧಿತರಾದ ಎಂಟು ಮಂದಿಯ ಪರವಾಗಿ ಡಂಕ್ವಾ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಅಧ್ಯಕ್ಷರು ಅಧಿಕಾರ ವಹಿಸಿಕೊಳ್ಳುವಾಗ ಪ್ರಜೆಗಳ ಹಕ್ಕುಗಳ ಬಗ್ಗೆ ಮಾಡುವ ಘೋಷಣೆ ಸಂವಿಧಾನದಲ್ಲೇ ಇದೆಯಲ್ಲ, ಅದಕ್ಕೆ ಬೆಲೆ ಇಲ್ಲವೇ ಎಂಬುದು ಅವರ ವಾದದ ತಿರುಳು. ಆ ಘೋಷಣೆ ನೈತಿಕ ಹೊಣೆಯೇ ಹೊರತು ನ್ಯಾಯಾಲಯ ಜಾರಿಗೊಳಿಸಬಹುದಾದ ಕಾನೂನಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಆರ್ಕು ಕೊರ್ಸಾ ಅವರ ಪೀಠ 1961ರಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ಡಂಕ್ವಾ ಸ್ವತಃ ಅದೇ ಕಾಯ್ದೆಯಡಿ ಜೈಲು ಸೇರಿದರು. ಒಮ್ಮೆ ಬಿಡುಗಡೆಯಾಗಿ, 1964ರಲ್ಲಿ ಮತ್ತೆ ಬಂಧನಕ್ಕೊಳಗಾಗಿ, 1965ರ ಫೆಬ್ರವರಿ 4ರಂದು ಎನ್‌ಸವಾಮ್ ಜೈಲಿನಲ್ಲಿ ಅವರು ಪ್ರಾಣ ಬಿಟ್ಟರು.

ಕೊರ್ಸಾ ಅವರ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. 1963ರ ಡಿಸೆಂಬರಿನಲ್ಲಿ ರಾಜದ್ರೋಹದ ಆಪಾದನೆ ಹೊತ್ತಿದ್ದ ಕೆಲವರನ್ನು ಸಾಕ್ಷ್ಯ ಸಾಲದೆಂದು ಅವರು ಖುಲಾಸೆ ಮಾಡಿದರು. ಕೂಡಲೇ ಅವರನ್ನು ಮುಖ್ಯ ನ್ಯಾಯಮೂರ್ತಿ ಹುದ್ದೆಯಿಂದ ವಜಾ ಮಾಡಲಾಯಿತು. ಮರುತಿಂಗಳು ನಡೆದ ಜನಮತ ಸಂಗ್ರಹದಲ್ಲಿ ಏಕಪಕ್ಷ ಆಡಳಿತಕ್ಕೆ ಶೇ. 99.9ರಷ್ಟು ಬೆಂಬಲ ದೊರೆಯಿತೆಂದು ಸರ್ಕಾರ ಪ್ರಕಟಿಸಿತು. 1966ರ ಫೆಬ್ರವರಿ 24ರಂದು ಸೈನ್ಯ ಎನ್‌ಕ್ರುಮಾ ಅವರನ್ನೇ ಇಳಿಸಿತು.

ಹತ್ತು ವರ್ಷ ತುಂಬುವ ಮೊದಲೇ ಇಷ್ಟೆಲ್ಲ ನಡೆದುಹೋಯಿತು. ಎನ್‌ಕ್ರುಮಾ ಕೆಟ್ಟವರಾಗಿದ್ದರು ಎಂದು ಹೇಳಿ ಕೈತೊಳೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಅವರ ಮೇಲೆ ಕೊಲೆಯತ್ನಗಳು ನಡೆದದ್ದು ನಿಜ, ಅವರು ಕಟ್ಟಿಸಿದ ಶಾಲೆ, ಆಸ್ಪತ್ರೆ, ಅಣೆಕಟ್ಟುಗಳೂ ನಿಜ. ವಿಚಾರಣೆಯಿಲ್ಲದ ಬಂಧನದ ನೋವನ್ನು ಸ್ವತಃ ಉಂಡವರ ಕೈಗೇ ಅಧಿಕಾರ ಬಂದಾಗ ಅದೇ ಅಸ್ತ್ರ ಮತ್ತೆ ಒರೆಯಿಂದ ಹೊರಬಂದದ್ದು ಹೇಗೆ? ಅದನ್ನು ತಡೆಯಲು ಆ ದೇಶದಲ್ಲಿ ಏನಿರಬೇಕಿತ್ತು? ತಮ್ಮ ಅಭಿಪ್ರಾಯಗಳಿಗಾಗಿ ಕಾಯುತ್ತೇನೆ.

ವಕೀಲೆ

ತಾವು ಕೇಳಿದ ಪ್ರಶ್ನೆಗೆ ಕಾನೂನಿನವರು ಸಾಮಾನ್ಯವಾಗಿ ಕೊಡುವ ಉತ್ತರ, ಬಲವಾದ ಸಂವಿಧಾನ ಇರಬೇಕಿತ್ತು ಎಂಬುದು. ನಾನೂ ವೃತ್ತಿಗೆ ಬಂದ ಹೊಸತರಲ್ಲಿ ಹಾಗೆಯೇ ನಂಬಿದ್ದೆ. ಭಾರತದ 1976ರ ಜಬಲ್ಪುರ ಪ್ರಕರಣವನ್ನು ಓದಿದ ಮೇಲೆ ಆ ನಂಬಿಕೆ ಅಷ್ಟು ಸರಳವಾಗಿ ಉಳಿಯಲಿಲ್ಲ.

ಘಾನಾದಲ್ಲಿ ಇಲ್ಲದಿದ್ದ ಮೂಲಭೂತ ಹಕ್ಕುಗಳ ಅಧ್ಯಾಯ ಭಾರತದ ಸಂವಿಧಾನದಲ್ಲಿತ್ತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಕೊಡುವ 21ನೇ ವಿಧಿಯೂ ಇತ್ತು. ಆದರೂ 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾದ ಬಳಿಕ ಸಾವಿರಾರು ಜನ ವಿಚಾರಣೆಯಿಲ್ಲದೆ ಜೈಲು ಸೇರಿದರು. ಒಂಬತ್ತು ಹೈಕೋರ್ಟುಗಳು ಬಂಧಿತರ ಅರ್ಜಿಯನ್ನು ಆಲಿಸಬಹುದೆಂದು ಹೇಳಿದ್ದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಸರ್ಕಾರದ ಪರವಾಗಿ ನಿಂತಿದ್ದ ಅಟಾರ್ನಿ ಜನರಲ್ ಅವರನ್ನು ಒಂದು ಪ್ರಶ್ನೆ ಕೇಳಿದರು: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷದಿಂದ ಒಬ್ಬ ಮನುಷ್ಯನನ್ನು ಕೊಂದರೆ, ಈ ಅವಧಿಯಲ್ಲಿ ಅದಕ್ಕೂ ಪರಿಹಾರ ಇಲ್ಲವೇ? ನಮ್ಮ ವಾದ ಸರಿಯಾದರೆ ಪರಿಹಾರ ಇಲ್ಲ ಎಂಬುದೇ ಉತ್ತರವಾಗಿತ್ತು. ಇಂಥ ಉತ್ತರವನ್ನು ಕಿವಿಯಾರೆ ಕೇಳಿದ ಮೇಲೂ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. 1977ರ ಜನವರಿಯಲ್ಲಿ ಸೇವಾ ಹಿರಿತನದ ಪ್ರಕಾರ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆಯನ್ನು ಅವರಿಗಿಂತ ಕಿರಿಯರಿಗೆ ಕೊಡಲಾಯಿತು. ಅವರು ರಾಜೀನಾಮೆ ಕೊಟ್ಟು ಹೊರನಡೆದರು.

ಹಕ್ಕು ಅದೇ ಪುಟದಲ್ಲಿ, ಅದೇ ಅಕ್ಷರಗಳಲ್ಲಿತ್ತು. ಅದನ್ನು ಓದಿ ಹೇಳಬೇಕಾದವರಲ್ಲಿ ನಾಲ್ವರ ದನಿ ಅಡಗಿತು, ಒಬ್ಬರ ದನಿ ಅಡಗಲಿಲ್ಲ. ಆದ್ದರಿಂದ ಸಂವಿಧಾನ ಬೇಕು ಎನ್ನುವುದರ ಜೊತೆಗೆ, ಅದನ್ನು ಹುದ್ದೆ ಹೋದರೂ ಸರಿ ಎಂದು ಓದಿ ಹೇಳುವವರು ಬೇಕು ಎಂದೂ ಸೇರಿಸಬೇಕಾಗುತ್ತದೆ.

ಶಿಕ್ಷಕಿ

ವಕೀಲೆಯವರ ಮಾತಿಗೆ ಪೂರಕವಾಗಿ ಜರ್ಮನಿಯ ಒಂದು ದಿನವನ್ನು ನೆನಪಿಸುತ್ತೇನೆ. 1933ರ ಮಾರ್ಚ್ 23ರಂದು ಬರ್ಲಿನ್ನಿನ ಕ್ರೋಲ್ ಒಪೆರಾ ಭವನದಲ್ಲಿ ಸಂಸತ್ತು ಸೇರಿತು. ಸಂಸತ್ತಿನ ಒಪ್ಪಿಗೆಯೇ ಇಲ್ಲದೆ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಕೊಡುವ ಮಸೂದೆ ಅಲ್ಲಿ ಮಂಡನೆಯಾಯಿತು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೆ ಬಿಟ್ಟಿರಲಿಲ್ಲ, ಭವನದೊಳಗೆ ಸಮವಸ್ತ್ರ ತೊಟ್ಟ ಪಕ್ಷದ ಪಡೆಯವರು ಸುತ್ತುಗಟ್ಟಿ ನಿಂತಿದ್ದರು. ಮಸೂದೆಯ ವಿರುದ್ಧ ಎದ್ದು ಮಾತನಾಡಿದವರು ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಒಟ್ಟೊ ವೆಲ್ಸ್ ಒಬ್ಬರೇ. ಅವರ ಪಕ್ಷದ 94 ಮತಗಳು ವಿರುದ್ಧವಾಗಿ ಬಿದ್ದವು, ಪರವಾಗಿ 444.

ನನ್ನನ್ನು ಹೆಚ್ಚು ಕಾಡುವುದು ಮಧ್ಯದಲ್ಲಿದ್ದ ಸೆಂಟರ್ ಪಕ್ಷದ ನಡೆ. ಅವರು ಹಿಟ್ಲರನ ಅಭಿಮಾನಿಗಳಾಗಿರಲಿಲ್ಲ. ತಮ್ಮ ಹಕ್ಕುಗಳ ಬಗ್ಗೆ ಲಿಖಿತ ಭರವಸೆ ಕೊಡುವುದಾಗಿ ಹೇಳಿದ್ದರಿಂದ ಅವರು ಮತ ಹಾಕಿದರು, ಆ ಪತ್ರ ಅವರ ಕೈ ಸೇರಲೇ ಇಲ್ಲ. ಜುಲೈ ತಿಂಗಳು ಮುಗಿಯುವುದರೊಳಗೆ ಆ ಪಕ್ಷವೂ ಇರಲಿಲ್ಲ, ಬೇರೆ ಪಕ್ಷಗಳೂ ಇರಲಿಲ್ಲ. ತಮಗೊಂದು ಪ್ರತ್ಯೇಕ ರಕ್ಷಣೆ ಸಿಕ್ಕರೆ ಸಾಕು, ಇತರರ ಪಾಡು ಇತರರಿಗೆ ಎಂದುಕೊಂಡ ಗಳಿಗೆಯಲ್ಲೇ ಅವರು ತಮ್ಮ ರಕ್ಷಣೆಯನ್ನೂ ಕಳೆದುಕೊಂಡಿದ್ದರು. ಮಕ್ಕಳಿಗೆ ಈ ಪಾಠ ಹೇಳುವಾಗಲೆಲ್ಲ ಒಳಗೆ ಬಿಡದೆ ತಡೆಯಲ್ಪಟ್ಟ ಸದಸ್ಯರ ಖಾಲಿ ಆಸನಗಳ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಆ ಆಸನಗಳು ಖಾಲಿಯಾದಾಗಲೇ ಉಳಿದವರು ಏಳಬೇಕಿತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿ

ಹಿರಿಯರೆಲ್ಲ ಕ್ಷಮಿಸಬೇಕು. ಈ ಚರ್ಚೆ ನ್ಯಾಯಮೂರ್ತಿಗಳ ಮತ್ತು ಸಂಸದರ ಧೈರ್ಯದ ಸುತ್ತಲೇ ನಡೆಯುತ್ತಿದೆ. ಸ್ವಾತಂತ್ರ್ಯ ಕಳೆದುಕೊಂಡ ದೇಶಗಳ ಜನರೇ ಅದಕ್ಕೆ ಕಾರಣ ಎಂಬ ಅರ್ಥ ಅದರಿಂದ ಬಂದರೆ ಅನ್ಯಾಯವಾಗುತ್ತದೆ. ಹೈಟಿಯನ್ನು ನೋಡಿ.

ಗುಲಾಮಗಿರಿಯಲ್ಲಿದ್ದ ಜನ ತಾವೇ ಸೈನ್ಯ ಕಟ್ಟಿ, ನೆಪೋಲಿಯನ್ ಕಳುಹಿಸಿದ ಪಡೆಯನ್ನು ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರ ರಾಷ್ಟ್ರವನ್ನು ಘೋಷಿಸಿದರು. ಅಷ್ಟು ದೊಡ್ಡ ಬೆಲೆ ತೆತ್ತು ಸ್ವಾತಂತ್ರ್ಯ ಗಳಿಸಿದವರು ವಿರಳ. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳನ್ನು ಬಂದರಿಗೆ ಕಳುಹಿಸಿ, ಮಾನ್ಯತೆ ಬೇಕಾದರೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಬೇಕೆಂದು ಪಟ್ಟು ಹಿಡಿದ. ಪರಿಹಾರ ಯಾರಿಗೆ ಎಂದರೆ, ಭೂಮಿಯನ್ನೂ ಗುಲಾಮರನ್ನೂ ಕಳೆದುಕೊಂಡ ಮಾಜಿ ಯಜಮಾನರಿಗೆ. ಅಂದರೆ ಬಿಡುಗಡೆಯಾದ ಜನ ತಮ್ಮ ದೇಹಗಳ ಬೆಲೆಯನ್ನು ತಾವೇ ಕಟ್ಟಬೇಕಾಯಿತು. ಮೊದಲ ಕಂತು ಕಟ್ಟಲೂ ಫ್ರೆಂಚ್ ಬ್ಯಾಂಕುಗಳಲ್ಲೇ ಸಾಲ ಮಾಡಬೇಕಾಯಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಲಾಯಿತಾದರೂ, ಅದಕ್ಕೆ ಸಂಬಂಧಿಸಿದ ಸಾಲದ ಬಾಲ 1947ರವರೆಗೆ ಎಳೆಯಿತು. ನಡುವೆ 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಅಲ್ಲೇ ಬೀಡುಬಿಟ್ಟಿತ್ತು.

ಶಾಲೆ ಕಟ್ಟಬೇಕಾದ ಹಣ, ನ್ಯಾಯಾಲಯ ನಡೆಸಬೇಕಾದ ಹಣ ನೂರು ವರ್ಷ ಹೀಗೆ ಹೊರಗೆ ಹರಿದಾಗ, ಕಾನೂನನ್ನು ಓದಿ ಹೇಳುವ ಖನ್ನಾ ಅವರಂಥವರು ಎಲ್ಲಿಂದ ಬರಬೇಕು? ಬಾವುಟ ಬದಲಾಗುವುದರಿಂದ ಬೊಕ್ಕಸ ಸ್ವತಂತ್ರವಾಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನನ್ನ ವಿನಂತಿ.

ಇತಿಹಾಸದ ಓದುಗ

ತಮ್ಮ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪುತ್ತೇನೆ, ನನ್ನ ಪ್ರಶ್ನೆಯಲ್ಲಿಯೇ ಆ ಕೊರತೆ ಇತ್ತು. ಹೊರಗಿನವರು ಕುತ್ತಿಗೆ ಹಿಸುಕುತ್ತಿರುವಾಗ ಒಳಗಿನವರಿಗೆ ಧೈರ್ಯ ಸಾಲದೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೂ ಬಡತನದಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲ ಎಂಬುದಕ್ಕೆ ಬೋಟ್ಸ್ವಾನಾ ಇದೆ. 1966ರಲ್ಲಿ ಸ್ವತಂತ್ರವಾದಾಗ ಅದು ಜಗತ್ತಿನ ಅತಿ ಬಡ ದೇಶಗಳಲ್ಲಿ ಒಂದಾಗಿತ್ತು. ವಜ್ರದ ನಿಕ್ಷೇಪ ಸಿಕ್ಕಿದ್ದು ಆ ಬಳಿಕ. ಅಂದಿನಿಂದ ಅಲ್ಲಿ ಚುನಾವಣೆಗಳು ತಪ್ಪದೆ ನಡೆದಿವೆ. 2024ರಲ್ಲಿ, 58 ವರ್ಷಗಳಿಂದ ಅಧಿಕಾರದಲ್ಲಿದ್ದ ಪಕ್ಷ ಸೋತಾಗ ಅಧ್ಯಕ್ಷರು ಎಣಿಕೆ ಪೂರ್ತಿ ಮುಗಿಯುವ ಮೊದಲೇ ಸೋಲೊಪ್ಪಿಕೊಂಡರು.

ನಿವೃತ್ತ ಮತಗಟ್ಟೆ ಅಧಿಕಾರಿ

ನಾನು ಇತಿಹಾಸಕಾರನಲ್ಲ. ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ಕೆಲಸ ಮಾಡಿದವನು, ಅಷ್ಟೇ. ಚುನಾವಣೆಗಳು ತಪ್ಪದೆ ನಡೆದಿವೆ ಎಂಬ ಮಾತು ಬಂದದ್ದರಿಂದ, ಅವು ನಡೆಯುವುದು ಎಂದರೇನು ಎಂಬುದನ್ನು ಹೇಳಬೇಕೆನಿಸಿತು.

ಮತದಾನ ಆರಂಭವಾಗುವ ಮೊದಲು, ಬೆಳಕು ಹರಿಯುವ ಹೊತ್ತಿಗೆ, ಎಲ್ಲ ಪಕ್ಷಗಳ ಏಜೆಂಟರ ಮುಂದೆ ಖಾಲಿ ಪೆಟ್ಟಿಗೆಯನ್ನು ತೆರೆದು, ಬೋರಲು ಹಾಕಿ ತೋರಿಸಿ, ಅವರ ಕಣ್ಣೆದುರೇ ಮುಚ್ಚಿ ಮೊಹರು ಹಾಕುವುದು ನಮ್ಮ ಮೊದಲ ಕೆಲಸವಾಗಿತ್ತು. ಮೊಹರಿನ ಕಾಗದದ ಸಂಖ್ಯೆಯನ್ನು ಅವರೂ ಬರೆದುಕೊಳ್ಳುತ್ತಿದ್ದರು, ನಾನೂ ಬರೆದುಕೊಳ್ಳುತ್ತಿದ್ದೆ. ಸಂಜೆ ಎಷ್ಟು ಮತಪತ್ರ ಬಂದವು, ಎಷ್ಟು ಕೊಟ್ಟೆ, ಎಷ್ಟು ಉಳಿದವು ಎಂಬ ಲೆಕ್ಕ ಒಂದಕ್ಕೊಂದು ತಾಳೆಯಾಗುವವರೆಗೆ ಯಾರೂ ಏಳುವಂತಿರಲಿಲ್ಲ. ಒಂದು ಸಲ ಮಧ್ಯಾಹ್ನದ ಹೊತ್ತಿಗೆ ಒಬ್ಬ ಪ್ರಭಾವಿ ವ್ಯಕ್ತಿ ಬಂದು, ಊರಿನಲ್ಲಿಲ್ಲದವರ ಮತಗಳನ್ನು ಅವರ ಮನೆಯವರು ಹಾಕಿದರೆ ಏನು ತಪ್ಪು, ಎಲ್ಲ ಪಕ್ಷದವರೂ ಒಪ್ಪಿದ್ದಾರಲ್ಲ ಎಂದರು. ಏಜೆಂಟರು ನಿಜವಾಗಿಯೂ ಒಪ್ಪಿದ್ದರು, ಒಬ್ಬರೂ ತಕರಾರು ತೆಗೆಯುತ್ತಿರಲಿಲ್ಲ. ನನ್ನ ಕೈ ನಡುಗುತ್ತಿತ್ತು. ನಿಯಮ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಇದರಲ್ಲಿ ಅವಕಾಶವಿದ್ದರೆ ತೋರಿಸಿ, ಈಗಲೇ ಮಾಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದರು. ಆಮೇಲೆ ಕೆಲವು ದಿನ ನನಗೆ ನಿದ್ದೆ ಬರಲಿಲ್ಲ.

ಇದನ್ನು ದೊಡ್ಡಸ್ತಿಕೆಗಾಗಿ ಹೇಳುತ್ತಿಲ್ಲ. ಆ ಪುಸ್ತಕ ಮೇಜಿನ ಮೇಲೆ ಇಲ್ಲದಿದ್ದರೆ ನಾನು ಮಣಿಯುತ್ತಿದ್ದೆನೇನೋ ಎಂಬ ಅನುಮಾನ ಇಂದಿಗೂ ಇದೆ. ಧೈರ್ಯವಂತರು ಎಂದು ಬೇರೆಯೇ ಜಾತಿಯ ಮನುಷ್ಯರಿಲ್ಲ. ಅಂಜುವವನೂ ಆತುಕೊಂಡು ನಿಲ್ಲಬಹುದಾದ ಒಂದು ಲಿಖಿತ ನಿಯಮವಿದ್ದರೆ ಅವನೂ ನಿಲ್ಲುತ್ತಾನೆ.

ವಕೀಲೆ

ಮತಗಟ್ಟೆ ಅಧಿಕಾರಿಯವರ ಮಾತನ್ನು ಓದಿದ ಮೇಲೆ ನನ್ನ ಮೊದಲ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತಿದ್ದೇನೆ. ಕಾನೂನು ಬೇರೆ, ಧೈರ್ಯ ಬೇರೆ ಎಂಬಂತೆ ನಾನು ಬರೆದಿದ್ದೆ. ನಿನ್ನೆ ಪೆಟ್ಟು ತಿಂದವರು ಬರೆದಿಟ್ಟ ನಿಯಮವೇ ಇಂದು ಅಂಜುವವನ ಕೈಗೆ ಊರುಗೋಲಾಗುತ್ತದೆ ಎಂಬುದು ಅವರ ಅನುಭವದಲ್ಲಿದೆ, ದಕ್ಷಿಣ ಕೊರಿಯಾದಲ್ಲೂ ಇದೇ ನಡೆಯಿತು.

1980ರ ಮೇ ತಿಂಗಳಲ್ಲಿ ಅಲ್ಲಿನ ಸೇನಾಧಿಕಾರಿಗಳು ಸೇನಾಡಳಿತವನ್ನು ಇಡೀ ದೇಶಕ್ಕೆ ವಿಸ್ತರಿಸಿ, ಸಂಸತ್ ಭವನದ ಬಾಗಿಲಿಗೆ ಸೈನಿಕರನ್ನು ನಿಲ್ಲಿಸಿ, ಗ್ವಾಂಗ್ಜು ನಗರದಲ್ಲಿ ಪ್ರತಿಭಟಿಸಿದ ತಮ್ಮದೇ ಜನರ ಮೇಲೆ ಗುಂಡು ಹಾರಿಸಿದರು. 1987ರ ಜೂನ್ ತಿಂಗಳ ಬೃಹತ್ ಚಳವಳಿಯ ನಂತರ ಬಂದ ಸಂವಿಧಾನದ 77ನೇ ವಿಧಿ, ಸಂಸತ್ತಿನ ಬಹುಮತ ಕೇಳಿದರೆ ಅಧ್ಯಕ್ಷರು ಸೇನಾಡಳಿತವನ್ನು ಹಿಂತೆಗೆದುಕೊಳ್ಳಲೇಬೇಕು ಎನ್ನುತ್ತದೆ.

2024ರ ಡಿಸೆಂಬರ್ 3ರ ರಾತ್ರಿ ಹತ್ತೂವರೆಯ ಸುಮಾರಿಗೆ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಸಂಸತ್ತಿನ ಚಟುವಟಿಕೆಗಳನ್ನು ನಿಷೇಧಿಸುವ ಸೇನಾ ಆದೇಶ ಹೊರಬಿತ್ತು. ಪೊಲೀಸರು ಗೇಟುಗಳನ್ನು ಮುಚ್ಚಿದಾಗ ಸದಸ್ಯರು ಬೇಲಿ ಹತ್ತಿ ಒಳಗೆ ಹಾರಿದರು. ಅರವತ್ತೇಳು ವರ್ಷದ ಸ್ಪೀಕರ್ ವೂ ವೊನ್ ಶಿಕ್ ಅವರೂ ಹಾಗೆಯೇ ಒಳಹೊಕ್ಕರು. ಹೊರಗೆ ಸಾವಿರಾರು ನಾಗರಿಕರು ಬರಿಗೈಯಲ್ಲಿ ಸೇನಾ ವಾಹನಗಳಿಗೆ ಅಡ್ಡ ನಿಂತರು. ಒಳಗೆ ಸಂಸತ್ತಿನ ಸಿಬ್ಬಂದಿ ಮೇಜು, ಕುರ್ಚಿ, ಸೋಫಾಗಳನ್ನು ಬಾಗಿಲಿಗೆ ಅಡ್ಡವಿಟ್ಟು, ಕಿಟಕಿ ಒಡೆದು ನುಗ್ಗಿದ ಸೈನಿಕರತ್ತ ಬೆಂಕಿ ನಂದಿಸುವ ಸಿಲಿಂಡರಿನ ಪುಡಿ ಎರಚಿ ತಡೆದರು. ಇಷ್ಟು ಗದ್ದಲದ ನಡುವೆಯೂ, ಮುಂದೆ ಯಾರೂ ಲೋಪ ಎತ್ತಿ ತೋರಿಸದಂತೆ ವಿಧಿವಿಧಾನದ ಪ್ರಕಾರವೇ ನಿರ್ಣಯ ಮಂಡನೆಯಾಗಬೇಕೆಂದು ಸ್ಪೀಕರ್ ಪಟ್ಟು ಹಿಡಿದರು. ರಾತ್ರಿ ಒಂದು ಗಂಟೆಯ ಹೊತ್ತಿಗೆ, 300 ಸದಸ್ಯರ ಸಂಸತ್ತಿನಲ್ಲಿ ಹಾಜರಿದ್ದ 190 ಮಂದಿಯೂ ಸೇನಾಡಳಿತ ರದ್ದಾಗಬೇಕೆಂದು ಮತ ಹಾಕಿದರು. ಅವರಲ್ಲಿ ಅಧ್ಯಕ್ಷರ ಸ್ವಂತ ಪಕ್ಷದ 18 ಮಂದಿ ಇದ್ದರು. ಬೆಳಗಾಗುವುದರೊಳಗೆ ಆದೇಶ ವಾಪಸಾಯಿತು. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಅಧ್ಯಕ್ಷರನ್ನು ಪದಚ್ಯುತಗೊಳಿಸಿದರು.

ಭಾರತದಲ್ಲೂ 1978ರ 44ನೇ ತಿದ್ದುಪಡಿಯು 21ನೇ ವಿಧಿಯ ಜಾರಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತುಗೊಳಿಸಲಾಗದಂತೆ ಮಾಡಿತು. ಖನ್ನಾ ಅವರ ಭಿನ್ನ ತೀರ್ಪೇ ಸರಿಯೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟವಾಗಿ ಹೇಳಿತು. ನಲವತ್ತೊಂದು ವರ್ಷ ಬೇಕಾಯಿತು ಎಂಬ ನೋವು ಇದ್ದೇ ಇದೆ.

ಶಿಕ್ಷಕಿ

ಹಾಗಾದರೆ ಗಳಿಸುವ ದಾರಿಗೂ ಉಳಿಸಿಕೊಳ್ಳುವುದಕ್ಕೂ ನಂಟಿದೆಯೇ? 1989ರ ಆಗಸ್ಟ್ 23ರಂದು ಎಸ್ಟೋನಿಯ, ಲ್ಯಾಟ್ವಿಯ, ಲಿಥುವೇನಿಯಗಳ ಸುಮಾರು 20 ಲಕ್ಷ ಜನ ಟಾಲಿನ್ನಿಂದ ವಿಲ್ನಿಯಸ್‌ವರೆಗೆ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಕೈ ಕೈ ಹಿಡಿದು ನಿಂತರು. ಹಿಟ್ಲರನ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಈ ದೇಶಗಳನ್ನು ತಮ್ಮೊಳಗೆ ಹಂಚಿಕೊಂಡ ರಹಸ್ಯ ಒಪ್ಪಂದಕ್ಕೆ ಅಂದು ಐವತ್ತು ವರ್ಷ ತುಂಬಿತ್ತು, ಅವು ಆಗಲೂ ಸೋವಿಯತ್ ಆಳ್ವಿಕೆಯಲ್ಲೇ ಇದ್ದವು. ಅಷ್ಟು ಜನರನ್ನು ಹೊತ್ತಿಗೆ ಸರಿಯಾಗಿ ರಸ್ತೆಯ ಆಯಾ ಭಾಗಕ್ಕೆ ತಲುಪಿಸಲು ಹಳ್ಳಿ ಹಳ್ಳಿಯಲ್ಲಿ ಯಾರೋ ಪಟ್ಟಿ ಬರೆದಿರಬೇಕು, ಬಸ್ಸು ಗೊತ್ತುಮಾಡಿರಬೇಕು, ಜಗಳ ಬಿಡಿಸಿರಬೇಕು. ಸ್ವಾತಂತ್ರ್ಯ ಬರುವ ಮೊದಲೇ ಅವರು ತಮ್ಮನ್ನು ತಾವು ಆಳಿಕೊಳ್ಳುವುದನ್ನು ಕಲಿತಿದ್ದರು ಎಂದು ನನಗನಿಸುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿ

ಅನಿಸುವುದು ಸಹಜ. 1900ರಿಂದ 2006ರವರೆಗಿನ 323 ಚಳವಳಿಗಳನ್ನು ಪರಿಶೀಲಿಸಿದ ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಕೂಡ, ಅಹಿಂಸಾತ್ಮಕವಾದವು ಸಶಸ್ತ್ರ ಹೋರಾಟಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಯಶಸ್ವಿಯಾಗಿವೆ ಎಂದು ಕಂಡುಕೊಂಡಿದ್ದಾರೆ. ಆದರೆ ಹೈಟಿಯ ಗುಲಾಮರಿಗೆ ಆ ದಾರಿಯನ್ನು ಆಯ್ದುಕೊಳ್ಳುವ ಅವಕಾಶವಿತ್ತೇ ಎಂಬುದನ್ನು ಮರೆಯದಿರೋಣ. ಆಯುಧ ಹಿಡಿದು ಗೆದ್ದವರೆಲ್ಲ ಆಯುಧಕ್ಕೇ ಒಳಗಾಗುತ್ತಾರೆ ಎಂದೂ ಇಲ್ಲ. ಕೋಸ್ಟರಿಕಾದಲ್ಲಿ 1948ರ ಅಂತರ್ಯುದ್ಧವನ್ನು ಗೆದ್ದ ಹೊಸೆ ಫಿಗೆರೆಸ್ ಅದೇ ವರ್ಷದ ಡಿಸೆಂಬರ್ 1ರಂದು ರಾಜಧಾನಿಯ ಸೇನಾ ಠಾಣೆಯ ಗೋಡೆಗೆ ಸುತ್ತಿಗೆಯಿಂದ ಹೊಡೆದು ಸೈನ್ಯವನ್ನೇ ರದ್ದುಪಡಿಸಿದರು. ಮರುವರ್ಷ, ಚುನಾವಣೆಯಲ್ಲಿ ಗೆದ್ದಿದ್ದ ಒಟಿಲಿಯೊ ಉಲಾಟೆ ಅವರಿಗೆ ಅಧಿಕಾರ ಬಿಟ್ಟುಕೊಟ್ಟು ಕೆಳಗಿಳಿದರು. ಆ ಠಾಣೆ ಇಂದು ವಸ್ತುಸಂಗ್ರಹಾಲಯವಾಗಿದೆ.

ನಿವೃತ್ತ ಮತಗಟ್ಟೆ ಅಧಿಕಾರಿ

ಚರ್ಚೆ ಆರಂಭಿಸಿದವರಲ್ಲಿ ಒಂದು ಪ್ರಶ್ನೆ. 1966ರ ನಂತರ ಘಾನಾದಲ್ಲಿ ಏನಾಯಿತು? ಕಥೆಯನ್ನು ಜೈಲಿನಲ್ಲಿಯೇ ಬಿಟ್ಟಿದ್ದೀರಿ.

ಇತಿಹಾಸದ ಓದುಗ

ಕೇಳಿದ್ದು ಒಳ್ಳೆಯದಾಯಿತು. ಮುಂದಿನ ಕಾಲು ಶತಮಾನ ಹೆಚ್ಚಾಗಿ ಸೇನಾ ಕ್ರಾಂತಿಗಳಲ್ಲೇ ಕಳೆಯಿತು. 1992ರ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳಿಗೆ ನ್ಯಾಯಾಲಯವೇ ಜಾರಿಗೊಳಿಸಬಹುದಾದ ಒಂದು ಇಡೀ ಅಧ್ಯಾಯ ಬಂತು. ಡಂಕ್ವಾ ಅವರಿಗೆ 1961ರಲ್ಲಿ ಸಿಗದೇ ಹೋದದ್ದು ಅದೇ. 2000ದ ಚುನಾವಣೆಯಲ್ಲಿ ಅವರ ರಾಜಕೀಯ ಪರಂಪರೆಯ ಪಕ್ಷ ಗೆದ್ದು, ಅಧಿಕಾರ ಶಾಂತಿಯುತವಾಗಿ ಹಸ್ತಾಂತರವಾಯಿತು.

ಇನ್ನೊಂದನ್ನು ಹೇಳಿ ನಿಲ್ಲಿಸುತ್ತೇನೆ. 1948ರಲ್ಲಿ ಬಂಧಿತರಾದ ಆರು ಮಂದಿಯಲ್ಲಿ ಎಡ್ವರ್ಡ್ ಅಕುಫೊ-ಅಡೊ ಕೂಡ ಒಬ್ಬರು. ಅವರ ಮಗ ನಾನಾ ಅಕುಫೊ-ಅಡೊ 2008ರ ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿನಲ್ಲಿ ಶೇ. 1ಕ್ಕಿಂತ ಕಡಿಮೆ ಅಂತರದಿಂದ ಸೋತರು. 2012ರಲ್ಲಿ ಮತ್ತೆ ಸೋತಾಗ ಫಲಿತಾಂಶವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಎಂಟು ತಿಂಗಳ ಬಳಿಕ, 2013ರ ಆಗಸ್ಟ್ 29ರಂದು, ತೀರ್ಪು ಅವರಿಗೆ ವಿರುದ್ಧವಾಗಿ ಬಂತು. ಅದೇ ದಿನ ಅವರು ಜನರ ಮುಂದೆ ಬಂದು, ತೀರ್ಪು ತಮಗೆ ಒಪ್ಪಿಗೆಯಿಲ್ಲದಿದ್ದರೂ ಅದಕ್ಕೆ ಬದ್ಧನಾಗಿರುತ್ತೇನೆ, ಮರುಪರಿಶೀಲನೆ ಕೇಳುವುದಿಲ್ಲ ಎಂದು ಹೇಳಿ ಮನೆಗೆ ಹೋದರು. 2016ರ ಚುನಾವಣೆಯಲ್ಲಿ ಅವರು ಗೆದ್ದರು, ಸೋತ ಅಧ್ಯಕ್ಷ ಜಾನ್ ಮಹಾಮ ಹುದ್ದೆ ಬಿಟ್ಟುಕೊಟ್ಟರು. 2024ರ ಡಿಸೆಂಬರಿನಲ್ಲಿ ಅದೇ ಮಹಾಮ ಅವರಿಗೆ ಜನ ಮತ್ತೆ ಮತ ಕೊಟ್ಟಾಗ, ಆಡಳಿತ ಪಕ್ಷದ ಅಭ್ಯರ್ಥಿ ಅಧಿಕೃತ ಫಲಿತಾಂಶಕ್ಕೂ ಕಾಯದೆ ಅವರಿಗೆ ದೂರವಾಣಿ ಮಾಡಿ ಅಭಿನಂದನೆ ಹೇಳಿದರು.